ಪರ್ಪಲ್ ರೇನ್ ಗಿಟಾರ್: ಆರನೇ ವಾರ

ಅಮೆರಿಕದ ಗಾಯಕ ಪ್ರಿನ್ಸ್‌ನ ಪರ್ಪಲ್ ರೇನ್ ಹಾಡನ್ನು ಗಿಟಾರ್‌ನಲ್ಲಿ ಕಲಿಯುತ್ತಿದ್ದೇನೆ. ಅದರ ಮೊದಲ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೊನೆಗೂ ಕೈಗೆ ಬಂತು. ಬಿ ಫ್ಲ್ಯಾಟ್, ಜೊತೆಗೆ ಸಿ ಸ್ವರವೂ ಸೇರಿದ್ದು. ಕಿರುಬೆರಳು ಎರಡು ವಾರ ನೋಯುತ್ತಿತ್ತು. ಆಮೇಲಿನ ಜಿ ಮೈನರ್, ಎಫ್, ಇ ಫ್ಲ್ಯಾಟ್ ಅಷ್ಟೇನೂ ಕಾಡಲಿಲ್ಲ. ಹಾಡು ಹೆಚ್ಚುಕಮ್ಮಿ ಈ ನಾಲ್ಕರಲ್ಲೇ ಸುತ್ತುತ್ತದೆ. ಸುಲಭ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ.

ಸಿನಿಮಾ ನೋಡಿ ಬೆರಳು ಕಲಿಯೋಣ ಅಂತ ಹೊರಟಿದ್ದು ಈ ವಾರದ ಎಡವಟ್ಟು. ಅದೇ ಹೆಸರಿನ 1984ರ ಸಿನಿಮಾ, ಪ್ರಿನ್ಸ್ ನಾಯಕ. ಪಾತ್ರವನ್ನು ಎಲ್ಲರೂ ಕಿಡ್ ಅಂತಲೇ ಕರೆಯುತ್ತಾರೆ. ಈ ಹಾಡಿನ ದೃಶ್ಯ ನಿಲ್ಲಿಸಿ, ಹಿಂದಕ್ಕೆ ಹಾಕಿ, ಪ್ರಿನ್ಸ್ ತಂಡದಲ್ಲಿ ಗಿಟಾರ್ ನುಡಿಸುವ ವೆಂಡಿ ಮೆಲ್ವಾಯಿನ್ ಕೈಯನ್ನೇ ನೋಡುತ್ತಾ ಕೂತೆ. ಕೇಳುವ ಸದ್ದಿಗೂ ಕಾಣುವ ಕೈಗೂ ಅಲ್ಲಲ್ಲಿ ತಾಳೆಯಾಗುತ್ತಿಲ್ಲ ಅನ್ನಿಸಿತು. ನನ್ನ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡೆ.

ಆಮೇಲೆ ಹುಡುಕಿದಾಗ ವಿಷಯ ಸಿಕ್ಕಿತು. ಹಾಡನ್ನು ಮುದ್ರಿಸಿಕೊಂಡಿದ್ದು 1983ರ ಆಗಸ್ಟ್ 3ರಂದು, ಮಿನಿಯಾಪೊಲಿಸ್‌ನ ಫಸ್ಟ್ ಅವೆನ್ಯೂ ಕ್ಲಬ್‌ನಲ್ಲಿ, ಜನರ ಮುಂದೆಯೇ. ಅದು ಒಂದು ನೃತ್ಯ ಸಂಸ್ಥೆಗೆ ಹಣ ಕೂಡಿಸುವ ಕಾರ್ಯಕ್ರಮ. ವೆಂಡಿಗೆ ಆಗ 19, ತಂಡದ ಜೊತೆ ಅದೇ ಮೊದಲ ಶೋ! ಆ ಟೇಪಿನಿಂದ ಒಂದು ಚರಣ ಕತ್ತರಿಸಿ, ಸೋಲೊ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಮೊಟಕು ಮಾಡಿ, ಮೇಲೆ ಪಿಟೀಲು ಸೆಲ್ಲೊ ಸೇರಿಸಿದರು. ಸಿನಿಮಾ ಶೂಟಿಂಗ್ ಶುರುವಾಗಿದ್ದು ನವೆಂಬರ್‌ನಲ್ಲಿ. ಅದೇ ಕ್ಲಬ್, ಅದೇ ತಂಡ, ಆದರೆ ಈಗ ತಮ್ಮದೇ ಹಾಡಿಗೆ ತಾವೇ ತುಟಿ ಆಡಿಸಿದ್ದು. ಇನ್ನು ಬೆರಳು ನೋಡಿ ಕಲಿಯುವ ಆಟ ಸಾಕು, ಕಿವಿಯೇ ಗತಿ.

ಆದರೂ ಆ ದೃಶ್ಯ ನೋಡಿದ್ದು ದಂಡವಾಗಲಿಲ್ಲ. ಕಥೆಯಲ್ಲಿ ಈ ರಾಗ ವೆಂಡಿ ಮತ್ತು ತಂಡದ ಕೀಬೋರ್ಡ್ ವಾದಕಿ ಲೀಸಾ ಮಾಡಿದ್ದು. ಕಿಡ್ ಅದನ್ನು ಕಿವಿಗೂ ಹಾಕಿಕೊಳ್ಳುವುದಿಲ್ಲ. ಅಪ್ಪ ಗುಂಡು ಹಾರಿಸಿಕೊಂಡ ಮೇಲೆ ಅವನು ಬದಲಾಗುತ್ತಾನೆ. ವೇದಿಕೆಗೆ ಬಂದು, ಹಾಡನ್ನು ಅಪ್ಪನಿಗೆ ಅರ್ಪಿಸಿ, ಇದು ವೆಂಡಿ, ಲೀಸಾ ಮಾಡಿದ ಹಾಡು ಎಂದು ಹೇಳಿ ಶುರು ಮಾಡುತ್ತಾನೆ. ಹಾಗೆ ಬಂದವನಿಗೆ ಅವಸರವೇ ಇಲ್ಲ. ನಾನು ಮಾತ್ರ ಬಸ್ಸು ಹಿಡಿಯುವವನ ಥರ ಓಡಿಸುತ್ತಿದ್ದೆ. ಈಗ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಹಿಡಿಯುವ ಸಾಧನ) ವೇಗ ಇಳಿಸಿದ್ದೇನೆ, ಪ್ರತಿ ಕಾರ್ಡ್ ಆದಮೇಲೆ ಸದ್ದು ತಾನಾಗಿ ಹರಡಲು ಬಿಡುತ್ತೇನೆ. ಇದು ಕಾರ್ಡ್ ಹಿಡಿಯುವುದಕ್ಕಿಂತ ಕಷ್ಟ. ಕೈ ಸುಮ್ನೆ ಇರುವುದೇ ಇಲ್ಲ.

ಸೋಲೊ: ಮೊದಲ ನಾಲ್ಕು ಬಾರ್ (ತಾಳದ ಸುತ್ತು) ಆಯಿತು. ಐದನೆಯದರಲ್ಲಿ ತಂತಿಯನ್ನು ಜಾಸ್ತಿ ಎಳೆದೆ, ಟಪ್ಪಂತ ಕಡಿಯಿತು. ಹೊಸದು ಹಾಕಿದ್ದೇನೆ, ಇನ್ನೂ ಶ್ರುತಿಗೆ ನಿಲ್ಲುತ್ತಿಲ್ಲ.