ಜೊಂಡು ಕಿತ್ತ ಕೆರೆ

ರಾಜಕಾಲುವೆ ಕೆರೆಗೆ ಇಳಿಯುವ ಕಡೆ ಆಳೆತ್ತರಕ್ಕೂ ಮೀರಿ ಬೆಳೆದಿದ್ದ ಜೊಂಡನ್ನು ಈ ಮಂಗಳವಾರ ಜೆಸಿಬಿಯೊಂದು ಬೇರುಸಹಿತ ಎತ್ತಿ ಏರಿಯ ಪಕ್ಕದಲ್ಲಿ ರಾಶಿ ಹಾಕುತ್ತಿತ್ತು. ಹಸುವಿಗೆಂದು ಕೊಯ್ದ ಹುಲ್ಲಿನ ಹೊರೆಯನ್ನು ಇಳಿಸಿ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತ ನಿಂತಿದ್ದ ಅಜ್ಜಿಯನ್ನು, "ಏನಜ್ಜಿ, ಕೆರೆ ಕ್ಲೀನ್ ಮಾಡ್ತಿದಾರಾ?" ಎಂದು ಕೇಳಿದೆ. ಅವರು ನನ್ನ ಕಡೆ ತಿರುಗದೆಯೇ, "ಬರೋ ಕೊಳೆನೆಲ್ಲ ಮೊದ್ಲು ಕುಡೀತಿದ್ದದ್ದು ಅದೇ ಅಲ್ವೇನಮ್ಮ? ಅದನ್ನೇ ಕಿತ್ತಾಕುದ್ರೆ ಇನ್ಯಾರು ಕುಡೀಬೇಕು?" ಎಂದರು. ಈ ವಾರವಿಡೀ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೆಲಸದ ಉಸ್ತುವಾರಿ ನೋಡುತ್ತಿದ್ದ ಯುವಕ ಸಭ್ಯನೇ; ಅಜ್ಜಿಯ ಹೊರೆಯನ್ನು ಅವನೇ ಎತ್ತಿ ನೆರಳಿಗಿಟ್ಟ. ಆದರೆ ಎಷ್ಟು ಟ್ರ್ಯಾಕ್ಟರ್ ಲೋಡು ಹೊರಗೆ ಹೋಯಿತು ಎಂಬುದಷ್ಟೇ ಅವನ ಕೆಲಸದ ಅಳತೆಯಾಗಿತ್ತು, ಮತ್ತು ಹಾಗೆ ಅಳೆಯಲು ಹೇಳಿದವರು ಅವನ ಮೇಲಿನವರು. ನನಗೆ ಹೆಚ್ಚು ಬೇಸರ ತರಿಸಿದವರು ಬೆಳಗಿನ ನಡಿಗೆಗೆ ಬಂದು, ಈಗ ನೀರು ಕಾಣಿಸುತ್ತಿದೆ ಎಂದು ಸಂಭ್ರಮದಿಂದ ಫೋಟೋ ತೆಗೆಯುತ್ತಿದ್ದ ನಮ್ಮ ಬಡಾವಣೆಯ ಜನ. ಆ ನೀರು ಎಲ್ಲಿಂದ ಬರುತ್ತದೆ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ, ಏಕೆಂದರೆ ನಮ್ಮೆಲ್ಲರ ಮನೆಗಳ ಬಚ್ಚಲ ನೀರೂ ಅದರಲ್ಲಿ ಸೇರಿದೆ.

ಅಜ್ಜಿ ಹೇಳಿದ್ದು ಬರಿಯ ಉಪಮೆಯಲ್ಲ. ಜೊಂಡಿನ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಒಳಗೆ ಸಾಲುಸಾಲಾಗಿ ಗಾಳಿಯ ಪೊಳ್ಳುಗಳು ಕಾಣುತ್ತವೆ. ಉಸಿರಾಡಲು ಗಾಳಿಯಿಲ್ಲದ ಕೆಸರಿನಲ್ಲಿ ಹೂತಿರುವ ಗೆಡ್ಡೆಗೂ ಬೇರಿಗೂ ಎಲೆಗಳಿಂದ ಆಮ್ಲಜನಕ ಇಳಿಯುವುದು ಇವುಗಳ ಮೂಲಕವೇ. ಅದರಲ್ಲಿ ಸ್ವಲ್ಪ ಭಾಗ ಬೇರಿನಿಂದ ಸುತ್ತಲ ಕೆಸರಿಗೂ ಸೋರುತ್ತದೆ. ಆ ತೆಳುವಾದ ಪದರದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಕೊಳಚೆಯ ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ, ಅದರಾಚೆಯ ಗಾಳಿಯಿಲ್ಲದ ಕೆಸರಿನ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಒತ್ತಾಗಿ ನಿಂತ ಕಾಂಡಗಳು ಹರಿವಿನ ವೇಗವನ್ನು ತಗ್ಗಿಸಿ, ತೇಲಿಬಂದದ್ದು ಅಲ್ಲೇ ತಂಗುವಂತೆ ಮಾಡುತ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದನ್ನು ತಿಳಿದೇ ಬಳಸಿಕೊಂಡಿದ್ದಾರೆ: ಅಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ತುಂಬಿದ ಜೌಗಿನ ಮೂಲಕ ಹಾದು ಹೋಗುತ್ತದೆ.

ಹಾಗೆಂದು ಜೊಂಡನ್ನು ಮುಟ್ಟಲೇಬಾರದು ಎಂದು ವಾದಿಸುವ ಪರಿಸರಪ್ರೇಮಿಗಳ ಮಾತನ್ನೂ ನಾನು ಒಪ್ಪಲಾರೆ. ಸಾರಜನಕ ಗಾಳಿಗೆ ಹೋಗಬಹುದು, ಆದರೆ ಕೊಳಚೆಯಲ್ಲಿರುವ ರಂಜಕಕ್ಕೆ ಆ ದಾರಿಯಿಲ್ಲ. ಅದು ಗಿಡದೊಳಗೆ ಸೇರುತ್ತದೆ ಅಥವಾ ಹೂಳಿನಲ್ಲಿ ಉಳಿಯುತ್ತದೆ. ಕೊಯ್ಯದೆ ಬಿಟ್ಟ ಜೊಂಡು ಒಣಗಿ ನೀರಿಗೇ ಬಿದ್ದು ಕೊಳೆತು, ಹೀರಿದ್ದರಲ್ಲಿ ಬಹುಪಾಲನ್ನು ಅದೇ ಕೆರೆಗೆ ಹಿಂದಿರುಗಿಸುತ್ತದೆ, ವರ್ಷದಿಂದ ವರ್ಷಕ್ಕೆ ಹೂಳನ್ನು ಏರಿಸುತ್ತ ನೀರಿನ ಜಾಗವನ್ನೇ ನುಂಗುತ್ತದೆ. ಒಂದೊಂದು ಕಂದುಬಣ್ಣದ ತೆನೆಯಲ್ಲೂ ಲಕ್ಷಕ್ಕೂ ಮೀರಿ ಬೀಜಗಳಿರಬಹುದಾದ, ನೆಲದಡಿ ಗೆಡ್ಡೆಯಿಂದಲೂ ಹರಡುವ ಗಿಡ ಇದು. ಆದ್ದರಿಂದ ತೆನೆ ಬಲಿಯುವ ಮೊದಲು, ಸತ್ವವಿನ್ನೂ ಎಲೆಯಲ್ಲೇ ಇರುವಾಗ, ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದು ಹೊರಗೆ ಸಾಗಿಸಬೇಕು. ನೀರಿನೊಳಗೆ ಮುಳುಗುವಂತೆ ಕೊಯ್ದರೆ ಗಾಳಿಯ ದಾರಿ ಮುಚ್ಚಿ ಗೆಡ್ಡೆ ಕೊಳೆಯುತ್ತದೆ. ಜೊಂಡು ಬೇಡವಾದ ಕಡೆ ಮಾತ್ರ ಹಾಗೆ ಮಾಡಬೇಕು. ಅಂದರೆ ಉಳಿಸುವುದೂ ಅಳಿಸುವುದೂ ಕುಡುಗೋಲು ಹಿಡಿದವರ ಕೈಯಲ್ಲೇ ಇದೆ, ಅದಕ್ಕೆ ಜೆಸಿಬಿ ಬೇಕಿಲ್ಲ. ಮಳೆಗಾಲದ ಈ ತಿಂಗಳುಗಳಲ್ಲಂತೂ ಜಂಬುಕೋಳಿಗಳು ಇದೇ ಜೊಂಡನ್ನು ಬಗ್ಗಿಸಿ, ಮೆಟ್ಟಿ ಗೂಡು ಮಾಡಿಕೊಂಡಿರುತ್ತವೆ. ಏರಿಯ ಮೇಲಿನ ರಾಶಿಯಲ್ಲಿ ಎಷ್ಟು ಗೂಡುಗಳು ಸೇರಿಹೋದವೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಕೊಯ್ಯುವವರು ಹಿಂದೆ ಇದ್ದರು. ಜೊಂಡಿನಿಂದ ಚಾಪೆ ಹೆಣೆಯುತ್ತಿದ್ದರು, ಗುಡಿಸಲಿಗೆ ಹೊದಿಸುತ್ತಿದ್ದರು, ಹಗ್ಗ ಹೊಸೆಯುತ್ತಿದ್ದರು. ದಕ್ಷಿಣ ಇರಾಕಿನ ಜೌಗು ನಾಡಿನಲ್ಲಿ ಇದರ ಹಳದಿ ಪರಾಗದಿಂದ ಖಿರ್ರೆತ್ ಎಂಬ ಸಿಹಿ ತಿಂಡಿಯನ್ನೇ ಮಾಡುತ್ತಾರೆ. ನಮ್ಮಲ್ಲಿ ಪ್ಲಾಸ್ಟಿಕ್ ಚಾಪೆ ಬಂತು, ಶೀಟಿನ ಮಾಡು ಬಂತು, ಕೊನೆಗೆ ಕೆರೆಯ ಸುತ್ತ ತಂತಿ ಬೇಲಿಯೂ ಬಂತು. ಬೇಲಿಯೊಳಗೆ ಹುಲ್ಲು ಕೊಯ್ಯುವವರನ್ನು ಕಾವಲುಗಾರ ಗದರುತ್ತಾನೆ, ಓಡುವವರಿಗೆ ನಮಸ್ಕಾರ ಹೇಳುತ್ತಾನೆ. ದಿನಕ್ಕೊಂದು ಹೊರೆ ಹಸಿರನ್ನು ಹೊರಗೆ ಒಯ್ದು ಕೆರೆಯ ಭಾರ ಇಳಿಸುತ್ತಿದ್ದವರನ್ನೇ ಹೊರಗಿಟ್ಟು, ಆಮೇಲೆ ಅದೇ ಕೆಲಸಕ್ಕೆ ಟೆಂಡರ್ ಕರೆಯುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅಜ್ಜಿಯ ಮಡಿಲಲ್ಲಿ ಸೊಪ್ಪೂ ಇತ್ತು: ಗಣಿಕೆ, ಅಣ್ಣೆ, ಸ್ವಲ್ಪ ಹೊನಗೊನೆ. ಎಲ್ಲಿ ಕಿತ್ತಿರಿ ಎಂದು ಕೇಳಿದ್ದಕ್ಕೆ ಏರಿಯ ಹಿಂದಿನ ತೋಟದ ಬದುವನ್ನು ತೋರಿಸಿದರು. ಅದು ಬೋರ್‌ವೆಲ್ ನೀರು ಹರಿಯುವ ಜಾಗ. ಕಾಲುವೆಯ ಬಾಯಲ್ಲಿ ಹೊನಗೊನೆಯಂತೆಯೇ ಕಾಣುವ ಗಿಡ ಹಾಸಿಕೊಂಡು ಬೆಳೆದಿದೆಯಲ್ಲ ಎಂದೆ. "ಅದು ಟೊಳ್ಳು ಕಡ್ಡೀದು, ಹೂವಿಗೆ ತೊಟ್ಟಿರ್ತದೆ. ಅದನ್ನ ನಾವು ತಿನ್ನಲ್ಲ ಕಣಮ್ಮ" ಎಂದರು. ಅದು ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ, ಹೊನಗೊನೆಯದೇ ಕುಲದ್ದು. ನಮ್ಮ ಹೊನಗೊನೆಯ ಬಿಳಿ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಿಗೇ ಅಂಟಿಕೊಂಡಿರುತ್ತದೆ. ಕೊಳಚೆಯಲ್ಲಿ ಸೊಂಪಾಗಿ ಬೆಳೆಯುವ ಆ ಕಳೆ ಕೊಳಚೆಯಲ್ಲಿರುವ ಭಾರಲೋಹಗಳನ್ನೂ ಹೀರಬಲ್ಲದು. ಅದನ್ನು ಕಟ್ಟು ಕಟ್ಟಿ ಹೊನಗೊನೆಯೆಂದು ಮಾರಿದರೆ ಹೂವಿಲ್ಲದ ಚಿಗುರನ್ನು ನೋಡಿ ಪಟ್ಟಣದವರು ಗುರುತಿಸುವುದು ಕಷ್ಟ, ಬಸ್ಸಾರಿಗೆ ಹಾಕಿದ ಮೇಲಂತೂ ಸಾಧ್ಯವೇ ಇಲ್ಲ.

ಇನ್ಯಾರು ಕುಡೀಬೇಕು ಎಂಬ ಮಾತು ಇಲ್ಲಿಗೆ ಬಂದಾಗ ನನಗೆ ಬೇರೆಯೇ ಅರ್ಥದಲ್ಲಿ ಕೇಳಿಸಿತು. ಜೊಂಡು ಕುಡಿಯದಿದ್ದರೆ ಕೆಳಗಿನ ಕೆರೆ ಕುಡಿಯುತ್ತದೆ, ಅದರ ನೀರಲ್ಲಿ ಬೆಳೆದ ಸೊಪ್ಪು ಕುಡಿಯುತ್ತದೆ, ಆ ಸೊಪ್ಪು ತಿನ್ನುವ ಮಕ್ಕಳು ಕುಡಿಯುತ್ತಾರೆ. ಇಷ್ಟಾಗಿಯೂ ಒಂದು ನಗರದ ಕೊಳೆಯನ್ನೆಲ್ಲ ಒಂದು ಹುಲ್ಲಿನ ಮೇಲೆ ಹೊರಿಸಲಾಗದು. ಕೊಳಚೆ ತುಂಬಿದ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಕಳೆಸಸ್ಯಗಳು ದಟ್ಟವಾಗಿ ಮುಚ್ಚಿಕೊಂಡಿದ್ದರೂ ಅದು ಶುದ್ಧವಾಗಲಿಲ್ಲ; 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡಿತು. ಹರಿದುಬರುವ ಕೊಳಚೆ ಮಿತಿ ಮೀರಿದಾಗ ಯಾವ ಗಿಡವೂ ಅದನ್ನು ತಡೆಯಲಾರದು. ಮೊದಲು ಶುದ್ಧೀಕರಣ ಘಟಕ, ಅದರ ನಂತರವೇ ಜೊಂಡಿನ ಸರದಿ.

ಗುರುವಾರ ನಾವು ಕೆಲವರು ಸೇರಿ ಕೆರೆಯ ಉಸ್ತುವಾರಿ ಹೊತ್ತ ಕಚೇರಿಗೆ ಪತ್ರ ಕೊಟ್ಟಿದ್ದೇವೆ. ಕಾಲುವೆಯ ಬಾಯಲ್ಲಿ ಉಳಿದಿರುವ ಜೊಂಡನ್ನು ಹಕ್ಕಿಗಳು ಮರಿ ಮಾಡಿ ಮುಗಿಸುವವರೆಗೆ ಮುಟ್ಟಬಾರದು, ಆಮೇಲೂ ಒಮ್ಮೆಗೇ ಕೀಳದೆ ಪಟ್ಟಿಪಟ್ಟಿಯಾಗಿ ಕೊಯ್ಯಬೇಕು, ಕಿತ್ತ ರಾಶಿಯನ್ನು ಮುಂದಿನ ಮಳೆಗೆ ಕೊಚ್ಚಿ ಕೆರೆಗೇ ಇಳಿಯುವ ಮೊದಲು ಸಾಗಿಸಬೇಕು ಎಂದು ಬರೆದೆವು. ಬೇಲಿಯ ಹಿಂಬದಿಯ ಗೇಟನ್ನು ಬೆಳಗಿನ ಹೊತ್ತು ಹುಲ್ಲು ಕೊಯ್ಯುವವರಿಗೆ ತೆರೆದಿಡಬೇಕೆಂಬುದನ್ನು ಪತ್ರದ ಮೊದಲ ಬೇಡಿಕೆಯಾಗಿ ಸೇರಿಸಿದ್ದು ನಾನೇ.