ಹನ್ನೆರಡು ಜನರಿಗೆ ಚೀಸ್ ಆಲೂಗಡ್ಡೆ ಕ್ಯಾಸರೋಲ್: ನೀರೂ ಬಿಡಬಾರದು, ಎಣ್ಣೆಯೂ ಬಿಡಬಾರದು

ನಾಲ್ಕು ಜನರಿಗೆ ಮಾಡಿದಾಗ ಚೆನ್ನಾಗಿ ಬಂದ ಕ್ಯಾಸರೋಲ್ (ಸಾಸಿನಲ್ಲಿ ಬೆರೆಸಿ ಟ್ರೇಯಲ್ಲಿ ಬೇಕ್ ಮಾಡುವ ತಿನಿಸು) ಹನ್ನೆರಡು ಜನರಿಗೆ ಮಾಡಿದಾಗ ಕೈಕೊಡುತ್ತದೆ. ಅಂಚಿನಲ್ಲಿ ಕುದಿಯುತ್ತಿದ್ದರೂ ನಡುವೆ ತಣ್ಣಗಿರುತ್ತದೆ, ಮೊದಲ ಸೌಟು ಬಡಿಸುವಷ್ಟರಲ್ಲಿ ತಳದಲ್ಲಿ ತೆಳ್ಳನೆ ನೀರು ನಿಲ್ಲುತ್ತದೆ, ಮೇಲೆ ಎಣ್ಣೆ ತೇಲುತ್ತದೆ. ಇದರಲ್ಲಿ ಹೆಚ್ಚಿನದು ಓವನ್ನಿನ ತಪ್ಪಲ್ಲ. ಟ್ರೇ ಓವನ್ನಿಗೆ ಹೋಗುವ ಮೊದಲೇ ಅಡುಗೆ ಕೆಟ್ಟಿರುತ್ತದೆ. ಆಲೂಗಡ್ಡೆ ಒಣಗಿರಬೇಕು, ಸಾಸ್ ಒಡೆಯದೆ ಇರಬೇಕು. ಇವೆರಡು ಸರಿಯಿದ್ದರೆ ಓವನ್ನಿಗೆ ಉಳಿಯುವುದು ಬಿಸಿ ಮಾಡಿ ಬಣ್ಣ ತರಿಸುವ ಕೆಲಸ ಮಾತ್ರ.

ಅಳತೆ 33 × 23 ಸೆಂಟಿಮೀಟರಿನ, 5 ಸೆಂಟಿಮೀಟರ್ ಆಳದ ಒಂದು ಟ್ರೇಗೆ. ಬೇರೆ ಅಡುಗೆಯ ಜೊತೆಗೆ ಬಡಿಸಿದರೆ ಹನ್ನೆರಡು ಜನರಿಗೆ ಸಾಕು. ಆಲೂಗಡ್ಡೆ 1.6 ಕಿಲೋ (ಸಿಪ್ಪೆ ತೆಗೆದ ಮೇಲೆ ಸುಮಾರು 1.4 ಕಿಲೋ ಉಳಿಯುತ್ತದೆ), ಬೆಣ್ಣೆ 60 ಗ್ರಾಂ, ಮೈದಾ 50 ಗ್ರಾಂ, ಕೆನೆ ತೆಗೆಯದ ಹಾಲು 750 ಮಿಲಿ, ಸವರ್ ಕ್ರೀಮ್ (ಹುಳಿ ಬರಿಸಿದ ಕೆನೆ) 150 ಗ್ರಾಂ, ಈರುಳ್ಳಿ 200 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಕಾಳುಮೆಣಸಿನ ಪುಡಿ ಒಂದು ಟೀ ಚಮಚ, ಸಾಸಿವೆ ಪೇಸ್ಟ್ ಒಂದು ಟೀ ಚಮಚ. ಚೀಸ್ ಒಟ್ಟು 350 ಗ್ರಾಂ: ಚೆಡ್ಡಾರ್ 150, ಪ್ರೊಸೆಸ್ಡ್ ಚೀಸ್ 100, ಮೇಲೆ ಹರಡಲು ಮೊಜರೆಲ್ಲಾ 100. ಸವರ್ ಕ್ರೀಮ್ ಇಲ್ಲದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು ಆಗುತ್ತದೆ. ನೀರು ಇಳಿಸದ ಮೊಸರು ಬೇಡ.

ಮೂರು ಬಗೆಯ ಚೀಸ್ ಹೇಳಿದ್ದಕ್ಕೆ ಕಾರಣವಿದೆ. ರುಚಿ ಕೊಡುವುದು ಚೆಡ್ಡಾರ್. ಆದರೆ ಅದು ಹಳೆಯದಾದಷ್ಟೂ ತೇವ ಕಡಿಮೆಯಾಗಿ, ಬಿಸಿಗೆ ಬೇಗ ಎಣ್ಣೆ ಬಿಡುತ್ತದೆ. ಪ್ರೊಸೆಸ್ಡ್ ಚೀಸಿಗೆ ರುಚಿ ಸಪ್ಪೆ, ಆದರೂ ಅದರಲ್ಲಿರುವ ಲವಣಗಳು ಕೊಬ್ಬು ಮತ್ತು ನೀರನ್ನು ಬಿಡದೆ ಹಿಡಿದಿಡುತ್ತವೆ. ಚೆಡ್ಡಾರಿನ ಜೊತೆ ಸೇರಿದಾಗ ಇಡೀ ಸಾಸ್ ನುಣುಪಾಗಿ ನಿಲ್ಲುತ್ತದೆ. ಮೊಜರೆಲ್ಲಾದ ಕೆಲಸ ಎಳೆ ಎಳೆಯಾಗಿ ಬರುವುದು ಮತ್ತು ಮೇಲ್ಪದರದ ಬಣ್ಣ. ಇಡೀ ಕ್ಯಾಸರೋಲನ್ನು ಮೊಜರೆಲ್ಲಾದಿಂದಲೇ ಮಾಡಿದರೆ ಆರುತ್ತಿದ್ದ ಹಾಗೆ ರಬ್ಬರಾಗುತ್ತದೆ, ಮತ್ತು ಊಟದ ಕೂಟದಲ್ಲಿ ತಿನಿಸು ಆರದೆ ಇರುವುದಿಲ್ಲ. ಚೀಸನ್ನು ಮನೆಯಲ್ಲೇ ತುರಿಯಿರಿ. ತುರಿದು ಪ್ಯಾಕ್ ಮಾಡಿದ್ದಕ್ಕೆ ಅಂಟದಿರಲಿ ಎಂದು ಪಿಷ್ಟದ ಪುಡಿಯನ್ನೋ ಅಂಥದ್ದನ್ನೋ ಹಚ್ಚಿರುತ್ತಾರೆ, ಸಾಸ್ ತರಿತರಿಯಾಗುತ್ತದೆ.

ಈಗ ಆಲೂಗಡ್ಡೆ. ಹಸಿಯದನ್ನೇ ಸಾಸಿಗೆ ಹಾಕಿ ಓವನ್ನಿನಲ್ಲಿ ಬೇಯಿಸುವ ವಿಧಾನವೂ ಇದೆ, ಆದರೆ ಕೂಟದ ದಿನಕ್ಕೆ ನಾನು ಅದನ್ನು ಹೇಳುವುದಿಲ್ಲ. ಆಳವಾದ ಟ್ರೇಯಲ್ಲಿ ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಜೊತೆಗೆ ಹುಳಿಯಿರುವ ಸಾಸಿನಲ್ಲಿ ಆಲೂಗಡ್ಡೆ ಬೇಗ ಮೆತ್ತಗಾಗುವುದಿಲ್ಲ, ಯಾಕೆಂದರೆ ಅದರ ಜೀವಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಕರಗದು. ಚೀಸ್ ಅತಿಯಾಗಿ ಬೆಂದಿದ್ದರೂ ಹೋಳು ಕಟುಂ ಅನ್ನುವುದು ಇದರಿಂದಲೇ. ಅದಕ್ಕಾಗಿ ಮೊದಲೇ ಮುಕ್ಕಾಲು ಬೇಯಿಸಿಕೊಳ್ಳಿ.

2 ಸೆಂಟಿಮೀಟರಿನ ಹೋಳು ಮಾಡಿ. ಬಿಲ್ಲೆಗಳು ನೋಡಲು ಚಂದ, ಆದರೆ ಸಾಲಿನಲ್ಲಿ ಬಂದವರು ಸೌಟಿನಿಂದ ಬಡಿಸಿಕೊಳ್ಳುವಾಗ ಹೋಳುಗಳೇ ಅನುಕೂಲ. ಹೆಚ್ಚಿದ ಹಾಗೆ ತಣ್ಣೀರಿಗೆ ಹಾಕುತ್ತಾ ಹೋದರೆ ಕಪ್ಪಾಗುವುದಿಲ್ಲ. ಆಮೇಲೆ ಹೊಸ ತಣ್ಣೀರು 3 ಲೀಟರ್, ಉಪ್ಪು 30 ಗ್ರಾಂ ಹಾಕಿ ಒಲೆಗಿಡಿ. ಕುದಿಯುವ ನೀರಿಗೆ ಹೋಳು ಹಾಕಿದರೆ ಒಳಗೆ ಬೇಯುವಷ್ಟರಲ್ಲಿ ಹೊರಮೈ ಕರಗುತ್ತದೆ. ತಣ್ಣೀರಿನಿಂದ ಶುರು ಮಾಡಿದರೆ ಒಳಗೂ ಹೊರಗೂ ಒಟ್ಟಿಗೆ ಬಿಸಿಯೇರುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ 6ರಿಂದ 8 ನಿಮಿಷ. ಚಾಕುವಿನ ತುದಿ ಸಲೀಸಾಗಿ ಇಳಿದು ನಡುವೆ ಮಾತ್ರ ಸ್ವಲ್ಪ ತಡೆಯಬೇಕು. ಚುಚ್ಚಿದ ಹೋಳು ಎರಡು ಭಾಗವಾಗಿ ಬಿದ್ದರೆ ಹದ ಮೀರಿದೆ. ಉಪ್ಪಿನ ವಿಷಯದಲ್ಲಿ ಜಿಪುಣತನ ಬೇಡ: ಹೋಳಿನೊಳಗೆ ಉಪ್ಪು ಇಳಿಯುವುದು ಈ ಹಂತದಲ್ಲಿ ಮಾತ್ರ. ಆಮೇಲೆ ಸಾಸಿಗೆ ಎಷ್ಟು ಹಾಕಿದರೂ ಸಾಸ್ ಉಪ್ಪಾಗುತ್ತದೆ, ಆಲೂಗಡ್ಡೆ ಸಪ್ಪೆಯಾಗಿಯೇ ಇರುತ್ತದೆ. ಕುಕ್ಕರ್ ಬೇಡ. ಒಂದು ವಿಶಲ್ಲಿಗೇ ಅಂಚುಗಳು ಒಡೆದು ಹೋಳು ನೀರು ಕುಡಿಯುತ್ತದೆ.

ನೀರು ಬಸಿದು ಹೋಳುಗಳನ್ನು ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಪಾತ್ರೆಯನ್ನು ಕುಲುಕುತ್ತಿರಿ. ಹಬೆ ಜೋರಾಗಿ ಏಳುತ್ತದೆ, ನಿಧಾನಕ್ಕೆ ತೆಳುವಾಗುತ್ತದೆ. ಹೋಳುಗಳ ಹೊಳಪು ಹೋಗಿ, ಅಂಚಿನಲ್ಲಿ ಸೀಮೆಸುಣ್ಣ ಹಚ್ಚಿದ ಹಾಗೆ ಬಿಳಿ ಪುಡಿ ಕಾಣುವಾಗ ಒಲೆಯಿಂದ ಇಳಿಸಿ ಅಗಲವಾದ ತಟ್ಟೆಯಲ್ಲಿ ಹರಡಿ. ಸಾಸ್ ಕಚ್ಚಿಕೊಳ್ಳುವುದು ಈ ಪುಡಿಪುಡಿ ಮೈಗೆ. ಈ ಎರಡು ನಿಮಿಷ ಬಿಟ್ಟರೆ ತಟ್ಟೆಯಲ್ಲಿ ನೀರು ನಿಂತೇ ನಿಲ್ಲುತ್ತದೆ.

ಈರುಳ್ಳಿಗೂ ಇದೇ ಮಾತು. ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ನೀರಿನಂಶ ಪೂರ್ತಿ ಹೋಗಿ ಅಂಚು ಕೆಂಪಾಗುವವರೆಗೆ ಬಾಡಿಸಿ, ಕೊನೆಗೆ ಬೆಳ್ಳುಳ್ಳಿ ಹಾಕಿ. ಅಣಬೆ, ದೊಣ್ಣೆಮೆಣಸಿನಕಾಯಿ ಸೇರಿಸುವುದಾದರೆ ಅವನ್ನೂ ಹೀಗೇ ಹುರಿಯಿರಿ.

ಸಾಸಿಗೆ ದಪ್ಪ ತಳದ ಪಾತ್ರೆ ಬೇಕು. ಬೆಣ್ಣೆ ಕರಗಿಸಿ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ತಿರುವಿ. ನೊರೆ ಬಂದು, ಹಸಿ ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ಪರಿಮಳ ಬರಬೇಕು, ಬಣ್ಣ ಮಾತ್ರ ಬದಲಾಗಬಾರದು. ಉಗುರುಬೆಚ್ಚಗಿನ ಹಾಲನ್ನು ನಾಲ್ಕು ಸಲವಾಗಿ ಹಾಕಿ. ಪ್ರತಿ ಸಲವೂ ಗಂಟಿಲ್ಲದಂತೆ ಕದಡಿದ ಮೇಲೇ ಮುಂದಿನದು. ಸಣ್ಣಗೆ ಐದಾರು ನಿಮಿಷ ಕುದಿಸಿ. ಸೌಟಿನ ಹಿಂಬದಿಗೆ ಅಂಟಿದ ಸಾಸಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಇದಕ್ಕಿಂತ ಗಟ್ಟಿ ಮಾಡಬೇಡಿ, ಓವನ್ನಿನಲ್ಲಿ ಆಲೂಗಡ್ಡೆ ಇನ್ನಷ್ಟು ಹೀರಿಕೊಳ್ಳುತ್ತದೆ.

ಈಗ ಒಲೆ ಆರಿಸಿ ಎರಡು ನಿಮಿಷ ಸುಮ್ಮನೆ ಬಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ಕುದಿಯುತ್ತಿರುವ ಸಾಸಿಗೆ ಚೀಸ್ ಬಿದ್ದರೆ ಅದರ ಪ್ರೋಟೀನು ಬಿಗಿದುಕೊಂಡು ಒಳಗಿನ ಕೊಬ್ಬನ್ನು ಹಿಂಡಿ ಹೊರಹಾಕುತ್ತದೆ. ಚೆಡ್ಡಾರ್, ಪ್ರೊಸೆಸ್ಡ್ ಎರಡನ್ನೂ ಹಿಡಿ ಹಿಡಿಯಾಗಿ ಹಾಕಿ ಕದಡಿ, ಆಮೇಲೆ ಸಾಸಿವೆ, ಮೆಣಸು, ಕೊನೆಗೆ ಸವರ್ ಕ್ರೀಮ್. ರುಚಿ ನೋಡಿಯೇ ಉಪ್ಪು ಹಾಕಿ, ಅರ್ಧ ಟೀ ಚಮಚದಷ್ಟು ಬೇಕಾಗಬಹುದು. ಸಾಸ್ ಆಗಲೇ ತರಿಯಾಗಿ ಎಣ್ಣೆ ಕಾಣಿಸಿದ್ದರೆ ಎರಡು ಚಮಚ ತಣ್ಣನೆ ಹಾಲು ಹಾಕಿ ಬಿರುಸಾಗಿ ಕದಡಿ, ಶುರುವಿನಲ್ಲಾದರೆ ಹೆಚ್ಚಾಗಿ ಕೂಡಿಕೊಳ್ಳುತ್ತದೆ.

ಹೋಳು, ಈರುಳ್ಳಿ, ಸಾಸ್ ಮೂರನ್ನೂ ಮೆಲ್ಲಗೆ ಬೆರೆಸಿ ಬೆಣ್ಣೆ ಸವರಿದ ಟ್ರೇಗೆ ಸುರಿದು, ಮೊಜರೆಲ್ಲಾ ಹರಡಿ. 180 ಡಿಗ್ರಿ ಸೆಲ್ಸಿಯಸ್ ಕಾದ ಓವನ್ನಿನಲ್ಲಿ ಫಾಯಿಲ್ ಮುಚ್ಚಿ 25 ನಿಮಿಷ, ತೆಗೆದು 20 ನಿಮಿಷ. ಫಾಯಿಲ್ ಚೀಸಿಗೆ ತಾಗದಿರಲಿ, ಕಿತ್ತಾಗ ಪದರವೇ ಬರುತ್ತದೆ. ಗರಿಗರಿ ಬೇಕಾದರೆ ಎರಡು ಕಪ್ ಕಾರ್ನ್‌ಫ್ಲೇಕ್ಸನ್ನು ಕೈಯಲ್ಲಿ ಒರಟಾಗಿ ಮುರಿದು, 40 ಗ್ರಾಂ ಕರಗಿದ ಬೆಣ್ಣೆಯಲ್ಲಿ ಹೊರಳಿಸಿ, ಫಾಯಿಲ್ ತೆಗೆಯುವಾಗ ಹರಡಿ. ಮೊದಲೇ ಹಾಕಿದರೆ ಹಬೆಯಲ್ಲಿ ಮೆತ್ತಗಾಗುತ್ತದೆ.

ಓವನ್ನಿನಿಂದ ತೆಗೆದ ಮೇಲೆ 15 ನಿಮಿಷ ಮುಟ್ಟಬೇಡಿ. ಬಿಸಿಯಲ್ಲಿ ಸಾಸ್ ನೀರಾಗಿರುತ್ತದೆ, ಆರುತ್ತಾ ಬಿಗಿಯಾಗುತ್ತದೆ.

ಹಿಂದಿನ ದಿನವೇ ಜೋಡಿಸಿಡಬಹುದು, ಕೂಟಕ್ಕೆ ಅದೇ ಒಳ್ಳೆಯದು ಕೂಡ. ಹೋಳುಗಳನ್ನೂ ಸಾಸನ್ನೂ ಆರಿಸಿ ಬೆರೆಸಿ ಫ್ರಿಜ್ಜಿನಲ್ಲಿಡಿ. ಹಾಲು 100 ಮಿಲಿ ಹೆಚ್ಚಿಗೆ ಹಾಕಿ, ಯಾಕೆಂದರೆ ರಾತ್ರಿಯಿಡೀ ಆಲೂಗಡ್ಡೆ ಹೀರುತ್ತದೆ. ಬೇಕ್ ಮಾಡುವ ದಿನ ಅರ್ಧ ಗಂಟೆ ಮೊದಲು ಹೊರಗೆ ತೆಗೆದು, ಮುಚ್ಚಿ 45 ನಿಮಿಷ, ತೆರೆದು 20 ನಿಮಿಷ. ಗಾಜಿನ ಟ್ರೇಯನ್ನು ಫ್ರಿಜ್ಜಿನಿಂದ ನೇರ ಕಾದ ಓವನ್ನಿಗೆ ಇಡಲೇಬೇಡಿ, ಒಡೆದುಹೋಗಬಹುದು. ಇಂಥ ದಿನ ಲೋಹದ ಟ್ರೇ ನಿಶ್ಚಿಂತೆ. ಥರ್ಮಾಮೀಟರ್ ಇದ್ದರೆ ನಡುಭಾಗ 74 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ಚಾಕುವನ್ನು ನಡುವೆ ಹತ್ತು ಸೆಕೆಂಡ್ ಚುಚ್ಚಿಟ್ಟು ತೆಗೆದು ಮುಟ್ಟಿ ನೋಡಿ, ಸುಡುವಷ್ಟು ಬಿಸಿಯಿರಬೇಕು.

ಇಪ್ಪತ್ತೈದು ಜನರಿದ್ದರೆ ಆಳವಾದ ಒಂದೇ ಪಾತ್ರೆಗೆ ಹೋಗದೆ ಎರಡು ಟ್ರೇ ಮಾಡಿ. ಅರ್ಧ ಹೊತ್ತಿಗೆ ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಬದಲಿಸಿ, ಒಟ್ಟು 15 ನಿಮಿಷ ಹೆಚ್ಚು ಕೊಡಿ.

ಬೇರೆಡೆಗೆ ಒಯ್ಯುವಾಗ ಟ್ರೇಯನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ, ಕಾರ್ನ್‌ಫ್ಲೇಕ್ಸನ್ನು ಬಾಣಲೆಯಲ್ಲಿ ಹುರಿದು ಬೇರೆ ಡಬ್ಬಿಯಲ್ಲಿ ಒಯ್ದು ಬಡಿಸುವಾಗ ಉದುರಿಸಿ. ಹಾಲು, ಚೀಸ್ ಇರುವ ತಿನಿಸು, ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಅದಕ್ಕೂ ಹೆಚ್ಚು ಹೊತ್ತು ಇಡಬೇಕಾದರೆ 60 ಡಿಗ್ರಿಗಿಂತ ಕೆಳಗಿಳಿಯದ ಹಾಗೆ ಬಿಸಿಯಲ್ಲೇ ಇಡಿ. ಉಳಿದದ್ದನ್ನು ಚಿಕ್ಕ ಡಬ್ಬಿಗಳಿಗೆ ಹಂಚಿ ಫ್ರಿಜ್ಜಿಗಿಟ್ಟರೆ ಮೂರು ದಿನ ಬರುತ್ತದೆ. ಮತ್ತೆ ಬಿಸಿ ಮಾಡುವಾಗ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ 160 ಡಿಗ್ರಿಯಲ್ಲಿಡಿ. ಮೈಕ್ರೋವೇವ್ ಆದರೆ ಅರ್ಧ ಪವರ್ ಸಾಕು, ಪೂರ್ತಿ ಕೊಟ್ಟರೆ ಅಂಚು ಕುದಿದು ಚೀಸ್ ಮತ್ತೆ ಎಣ್ಣೆ ಬಿಡುತ್ತದೆ.