ಪಕ್ಕದ ಶಾಲೆಯವರು ಹೇಳದೆ ಉಳಿದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಮಾಡುತ್ತ, ಜೊತೆಗೆ ಅಲ್ಲಿನ ಕಂಪ್ಯೂಟರುಗಳ ಹೊಣೆಯನ್ನೂ ಹೊತ್ತಿರುವ ನನಗೆ ಕಳೆದ ಮಳೆಗಾಲದ ಒಂದು ಬೆಳಗ್ಗೆ ತಾಯಿಯೊಬ್ಬರ ಕರೆ ಬಂತು. "ಮಾಷ್ಟ್ರೇ, ವಿದ್ಯಾರ್ಥಿವೇತನದ ಪಟ್ಟಿ ತೆರೆಯುವುದಿಲ್ಲ, ಏನೋ ಅನುಮತಿ ಕೇಳುತ್ತದೆ" ಎಂದರು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನೋಡಿದರೆ, ಪೋಷಕರೊಬ್ಬರ ಸಂಖ್ಯೆಯಿಂದಲೇ ಬಂದಿದ್ದ ಆ ಕಡತದ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರು ಅಕ್ಷರಗಳಿದ್ದವು. ಅದು ಪಟ್ಟಿಯಲ್ಲ, ಮೊಬೈಲಿನಲ್ಲಿ ಆ್ಯಪ್ ಸ್ಥಾಪಿಸುವ ಕಡತ. ಅದು ಕೇಳುತ್ತಿದ್ದುದು ಎಸ್ಸೆಮ್ಮೆಸ್ ಓದುವ ಅನುಮತಿ. ಕೊಟ್ಟಿದ್ದರೆ ಬ್ಯಾಂಕಿನ ಒಟಿಪಿ ನೇರವಾಗಿ ವಂಚಕರ ಕೈ ಸೇರುತ್ತಿತ್ತು.

ಅದೇ ಕಡತ, ಅದೇ ಹೆಸರಿನಲ್ಲಿ, ನಾಲ್ಕು ದಿನ ಮೊದಲೇ ಪಕ್ಕದ ಶಾಲೆಯೊಂದರ ಗುಂಪಿಗೂ ಬಂದಿತ್ತೆಂದು ನನಗೆ ತಿಳಿದದ್ದು ಆ ವಾರದ ಸಭೆಯೊಂದರಲ್ಲಿ, ಚಹಾ ಕುಡಿಯುವಾಗ. ಶಾಲೆಯ ಹೆಸರು ಕೆಟ್ಟೀತೆಂದು ಅವರು ಸದ್ದಿಲ್ಲದೆ ಅಳಿಸಿ ಸುಮ್ಮನಾಗಿದ್ದರು. ಮೊದಲು ನಮ್ಮಲ್ಲಿಗೆ ಬಂದಿದ್ದರೆ ನಾವೂ ಬಹುಶಃ ಅದನ್ನೇ ಮಾಡುತ್ತಿದ್ದೆವು.

ಆದರೆ ನಮ್ಮೆಲ್ಲರ ಮನೆಗೂ ಒಂದೇ ಬಗೆಯ ಬೀಗ. ಮಕ್ಕಳ ವಿವರ ತುಂಬುವುದು ಒಂದೇ 'ಸಂಪೂರ್ಣ' ತಂತ್ರಾಂಶದಲ್ಲಿ, ವಿದ್ಯಾರ್ಥಿವೇತನದ ಗಡಿಬಿಡಿ ಏಳುವುದೂ ಒಂದೇ ತಿಂಗಳಲ್ಲಿ. 2024ರ ಡಿಸೆಂಬರಿನಲ್ಲಿ ಅಮೆರಿಕದ ಪವರ್‌ಸ್ಕೂಲ್ ಎಂಬ ಶಾಲಾ ತಂತ್ರಾಂಶದ ಸಹಾಯ ವಿಭಾಗಕ್ಕೆ ಕದ್ದ ಪಾಸ್‌ವರ್ಡಿನಿಂದ ನುಗ್ಗಿದವರು ಅಸಂಖ್ಯ ಶಾಲೆಗಳ ಮಕ್ಕಳ ಮಾಹಿತಿಯನ್ನು ಒಟ್ಟಿಗೇ ದೋಚಿದರು. ಇಂಥ ಸುದ್ದಿಯನ್ನು ಪರಸ್ಪರ ಮುಟ್ಟಿಸಲೆಂದೇ ಅಲ್ಲಿನ ಶಾಲೆಗಳಿಗೆ 'ಕೆ12 ಸಿಕ್ಸ್' ಎಂಬ ಸಂಸ್ಥೆಯಿದೆ. ನಮ್ಮ ವಯನಾಡಿನ ಪಂಚಾಯತ್ ಕಚೇರಿಯೊಂದರ ಕಂಪ್ಯೂಟರುಗಳನ್ನು ವಾನ್ನಕ್ರೈ ಕುತಂತ್ರಾಂಶ ಹಿಡಿದದ್ದು 2017ರ ಮೇ ತಿಂಗಳಲ್ಲಿ; ಅದನ್ನು ತಡೆಯುವ ತೇಪೆಯನ್ನು, ಅಂದರೆ ದೋಷ ಸರಿಪಡಿಸುವ ಅಪ್‌ಡೇಟನ್ನು, ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಹೊರಡಿಸಿತ್ತು.

ಶಾಲೆಗಳು ಪರಸ್ಪರ ಹಂಚಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ: ಕಡತದ ಹೆಸರು, ಬಂದ ದಿನ ಮತ್ತು ಹೊತ್ತು, ಅದರಲ್ಲಿದ್ದ ಮಾತು ಇದ್ದ ಹಾಗೆಯೇ, ಒತ್ತಿದವರಿಗೆ ಏನಾಯಿತು ಎಂಬುದು. ಮಕ್ಕಳ ಹೆಸರು, ಪೋಷಕರ ಸಂಖ್ಯೆ ಖಂಡಿತ ಬೇಡ. ಈ ಕ್ಷೇತ್ರದ ತಜ್ಞರು ಮಾಹಿತಿಗೆ ಟ್ರಾಫಿಕ್ ದೀಪದ ಬಣ್ಣ ಕೊಡುತ್ತಾರೆ. ಕೆಂಪಾದರೆ ಹೇಳಿಸಿಕೊಂಡವರಲ್ಲೇ ಉಳಿಯಬೇಕು, ಹಸಿರಾದರೆ ತಮ್ಮ ಬಳಗದೊಳಗೆ ಹಂಚಬಹುದು. ಸುತ್ತೋಲೆಗಳಿಗಿಂತ ಇದು ನಮ್ಮ ಶಿಕ್ಷಕರಿಗೆ ಬೇಗ ಅರ್ಥವಾಯಿತು. ಹಣ ಹೋಗಿದ್ದರೆ ಮಾತ್ರ ಇದೆಲ್ಲಕ್ಕಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತ ಹೋಗುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಎಚ್ಚರಿಕೆಗಳು ಬರುವುದು ಹೆಚ್ಚಾಗಿ ಮಲಯಾಳದಲ್ಲಿ, ಓದಬೇಕಾದ ಮನೆಗಳಲ್ಲಿ ಅನೇಕವು ತುಳು, ಕನ್ನಡದವು. ಆದ್ದರಿಂದ ನಮ್ಮ ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಮಕ್ಕಳು ಅದನ್ನು ಕನ್ನಡದ ಮೂರು ಸಾಲಿಗೆ ಇಳಿಸುತ್ತಾರೆ, ಓದಲು ಬಾರದ ಅಜ್ಜಿಯರಿಗಾಗಿ ತುಳುವಿನಲ್ಲಿ ಧ್ವನಿಸಂದೇಶವನ್ನೂ ಮಾಡುತ್ತಾರೆ.

ಕಳೆದ ವಾರ ಆ ಪಕ್ಕದ ಶಾಲೆಯವರಿಂದಲೇ ಒಂದು ಚಿತ್ರ ಬಂತು. ಪರೀಕ್ಷಾ ಶುಲ್ಕದ ಹೆಸರಿನ ಸುಳ್ಳು ಕೊಂಡಿ. ಮಕ್ಕಳ ಹೆಸರುಗಳ ಮೇಲೆ ಕಪ್ಪು ಬಳಿದಿತ್ತು. ಕೆಳಗೆ "ನಮ್ಮಲ್ಲಿ ಇಬ್ಬರು ಒತ್ತಿದ್ದಾರೆ, ಒಬ್ಬರು ಶಿಕ್ಷಕರೇ" ಎಂದೂ ಬರೆದಿದ್ದರು.